ರಸ್ತೆಯಂಚಿನ ಸೈಕಲ್ ಪಥ: ನಿರ್ವಹಣೆಯ ಹೊಣೆ ಯಾರದು?

ಪ್ರಸ್ತಾವನೆ

ಸೈಕಲ್ ಪಥ ಹಾಳಾಗಲು ಪ್ರವಾಹ, ಭೂಕುಸಿತಗಳೇ ಬೇಕಾಗಿಲ್ಲ. ಚಪ್ಪಡಿ ಸರಿದ ಮೋರಿ, ಮುರಿದ ಬೊಲ್ಲಾರ್ಡ್, ಕೊಳವೆ ಹೂಳಲು ಅಗೆದು ಅರೆಬರೆ ಮುಚ್ಚಿದ ಗುಂಡಿ, ಸಾಲಾಗಿ ನಿಂತ ಕಾರುಗಳು ಸಾಕು. ಕಾರು ಸಲೀಸಾಗಿ ದಾಟುವ ಗುಂಡಿ ಸೈಕಲ್ ಸವಾರರನ್ನು ಕೆಡವುತ್ತದೆ. ತಪ್ಪಿಸಿಕೊಳ್ಳಲು ಪಕ್ಕಕ್ಕೆ ಹೊರಳಿದರೆ ಹಿಂದೆ ಬಸ್ಸು. ಹೀಗಾಗಿ ಪಥದ ಬಾಳಿಕೆ ನಿರ್ಮಾಣಕ್ಕಿಂತ ದಿನನಿತ್ಯದ ಆರೈಕೆಯನ್ನು ಅವಲಂಬಿಸಿದೆ. ಈ ಆರೈಕೆಯ ಹೊಣೆ ಸರ್ಕಾರದ ವಿವಿಧ ಸ್ತರಗಳಲ್ಲಿ ಹೇಗೆ ಹಂಚಿಹೋಗಿದೆ ಎಂಬುದನ್ನು ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ಕಾನೂನಿನ ಚೌಕಟ್ಟು

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಷ್ಟ್ರೀಯ ಹೆದ್ದಾರಿಗಳು ಕೇಂದ್ರ ಪಟ್ಟಿಗೂ ಇತರ ರಸ್ತೆಗಳು ರಾಜ್ಯ ಪಟ್ಟಿಗೂ ಸೇರಿವೆ. 1992ರ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯ ನಾಲ್ಕನೆಯ ವಿಷಯ ‘ರಸ್ತೆಗಳು ಮತ್ತು ಸೇತುವೆಗಳು’. ರಾಜ್ಯವು ಅದನ್ನು ನಗರಾಡಳಿತಕ್ಕೆ ವಹಿಸಬಹುದು. ಈ ಮೂರು ಕಡೆಯೂ ಸೈಕಲ್ ಪಥದ ಹೆಸರಿಲ್ಲ. ಅದನ್ನು ರಸ್ತೆಯ ಅಂಗವೆಂದೇ ಓದಿಕೊಳ್ಳಬೇಕು. ಹಾಗೆ ಓದಿದರೆ ರಸ್ತೆ ಯಾರದೋ ಪಥವೂ ಅವರದೇ. ಆಚರಣೆಯಲ್ಲಿ ಈ ಸರಳ ಸೂತ್ರ ನಿಲ್ಲುವುದಿಲ್ಲ.

ಹೊರವರ್ತುಲ ರಸ್ತೆಯ ಅನುಭವ

2020ರಲ್ಲಿ, ಕೋವಿಡ್ ನಡುವೆ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಸುಮಾರು 17 ಕಿ.ಮೀ. ಹಾದಿಯಲ್ಲಿ ತಾತ್ಕಾಲಿಕ ಸೈಕಲ್ ಪಥದ ಕೆಲಸ ಶುರುವಾಯಿತು. ಯೋಜನೆ ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯದ್ದು. ರಸ್ತೆ ಆಗಿನ ಮಹಾನಗರ ಪಾಲಿಕೆಯದು. ಪಥದೊಳಗೆ ನಿಂತ ವಾಹನಗಳನ್ನು ತೆರವು ಮಾಡಿಸಬೇಕಾದ ಸಂಚಾರ ಪೊಲೀಸರು ಗೃಹ ಇಲಾಖೆಗೆ ಸೇರಿದವರು. ಮುಂದೆ ಇದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಕೈಗೊಂಡ ನಿಗಮ ಕೇಂದ್ರ ಮತ್ತು ರಾಜ್ಯಗಳ ಸಮಪಾಲಿನ ಸಂಸ್ಥೆ. ಕಾಮಗಾರಿಗೆ ರಸ್ತೆಯ ಅಗಲ ಬೇಕಾದಾಗ ಪಥ ಹಲವೆಡೆ ಅಳಿಸಿಹೋಯಿತು. ಪ್ರತಿಯೊಂದು ಸಂಸ್ಥೆಗೂ ತನ್ನದೇ ಕೆಲಸವಿತ್ತು. ಇಡೀ ಪಥವನ್ನು ತನ್ನದೆಂದು ಕಾಯುವ ಹೊಣೆ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಜರ್ಮನಿಯ ಮಾದರಿ

ಜರ್ಮನಿಯ ಒಕ್ಕೂಟ ಹೆದ್ದಾರಿ ಕಾನೂನು ಇಂಥ ಗೊಂದಲಕ್ಕೆ ಮೊದಲೇ ಗೆರೆ ಎಳೆದಿದೆ. ಊರಿನೊಳಗೆ ಹಾದುಹೋಗುವ ಒಕ್ಕೂಟ ಹೆದ್ದಾರಿಯ ಹೊಣೆ 80,000ಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಸ್ಥಳೀಯಾಡಳಿತದ್ದು. ಸಣ್ಣ ಊರುಗಳಲ್ಲಿ ಸಾಮಾನ್ಯವಾಗಿ ಕಾಲುದಾರಿ ಮತ್ತು ವಾಹನ ನಿಲುಗಡೆ ಜಾಗ ಊರಿನವು, ಉಳಿದ ರಸ್ತೆ ಒಕ್ಕೂಟದ್ದು. ನಾರ್ತ್ ರೈನ್–ವೆಸ್ಟ್‌ಫಾಲಿಯಾ ರಾಜ್ಯವು 2016ರಲ್ಲಿ ದೂರಗಾಮಿ ಸೈಕಲ್ ಹೆದ್ದಾರಿಗಳನ್ನು ರಾಜ್ಯ ರಸ್ತೆಗಳಿಗೆ ಸಮನಾಗಿಸಿತು. ಈ ವ್ಯವಸ್ಥೆಯಲ್ಲೂ ಒಂದು ಸಡಿಲಿಕೆಯಿದೆ: ಹೊಣೆ ಹೊತ್ತವರು ತಮ್ಮ ಶಕ್ತ್ಯನುಸಾರ ನಿರ್ವಹಿಸಬೇಕೆಂದು ಕಾನೂನು ಹೇಳುವುದರಿಂದ, ಹಣವಿಲ್ಲದ ಊರಿಗೆ ಕೆಲಸ ಮುಂದೂಡಲು ದಾರಿಯಿದೆ. ಆದರೂ ಗುಂಡಿ ಬೀಳುವ ಮುನ್ನವೇ ಅದನ್ನು ಮುಚ್ಚಬೇಕಾದವರು ಯಾರೆಂಬುದು ಗೊತ್ತಿರುತ್ತದೆ.

ಸಮಾಪನ

ವೆಚ್ಚವನ್ನು ಹಲವು ಸ್ತರಗಳು ಹಂಚಿಕೊಳ್ಳಲಿ. ಉತ್ತರ ಕೊಡುವವರು ಒಬ್ಬರೇ ಇರಬೇಕು. ಇದಕ್ಕೆ ಮೂರು ಕ್ರಮಗಳು ಅಗತ್ಯ. ರಸ್ತೆ ದಾಖಲೆಯಲ್ಲಿ ಸೈಕಲ್ ಪಥಕ್ಕೆ ಪ್ರತ್ಯೇಕ ನಮೂದು ಮತ್ತು ನಿರ್ವಹಣೆಗೆ ಮೀಸಲು ಅನುದಾನ ಇರಬೇಕು. ಅಗೆದವರಿಂದ ದುರಸ್ತಿ ವೆಚ್ಚ ವಸೂಲು ಮಾಡುವ ಅಧಿಕಾರ ಪಥದ ಪಾಲಕ ಸಂಸ್ಥೆಗೆ ಸಿಗಬೇಕು. ದೊಡ್ಡ ಕಾಮಗಾರಿಗೆ ಅನುಮತಿ ಕೊಡುವಾಗಲೇ ಬದಲಿ ಸೈಕಲ್ ದಾರಿ ಕಡ್ಡಾಯವಾಗಬೇಕು. ಸಾರಿಗೆ ಸಂಸ್ಥೆಗಳ ನಡುವೆ ಸಮನ್ವಯ ತರಲು ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ ಅಧಿನಿಯಮ, 2022 ಈಗಾಗಲೇ ಇದೆ. ನಗರ ಐದು ಪಾಲಿಕೆಗಳಾಗಿ ವಿಂಗಡಣೆಗೊಂಡಿರುವ ಈ ಹೊತ್ತಿನಲ್ಲಿ, ಗಡಿ ದಾಟುವ ಪಥಗಳ ಪಾಲಕರನ್ನು ಹೆಸರಿಸುವುದು ಆ ಪ್ರಾಧಿಕಾರದ ಮೊದಲ ಕೆಲಸಗಳಲ್ಲಿ ಒಂದಾಗಬೇಕು. ರಾತ್ರಿ ಪಾಳಿ ಮುಗಿಸಿ ಸೈಕಲ್‌ನಲ್ಲಿ ಮನೆಗೆ ಮರಳುವ ಕಾವಲುಗಾರನಿಗೆ ಯಾವ ಗುಂಡಿ ಯಾವ ಕಚೇರಿಯದೆಂದು ಹುಡುಕುವ ಕೆಲಸ ಬರಬಾರದು.