ಮಾನಿಟರ್ ಮೂಕವಾಗಿದ್ದ ಕಾಲ

ಓದುಗರೇ, ಮನೆಯಲ್ಲಿದ್ದ ಹಳೆಯ ದಪ್ಪ ಟಿ.ವಿ.ಯನ್ನು ನೆನಪಿಸಿಕೊಳ್ಳಿ. ಅದನ್ನು ರಾಜಾಜಿನಗರದಲ್ಲಿ ಕೊಂಡಿರಲಿ, ಕೆಂಗೇರಿಯಲ್ಲಿ ಕೊಂಡಿರಲಿ, ಆಂಟೆನಾ ಸಿಕ್ಕಿಸಿದರೆ ಚಿತ್ರ ಬರುತ್ತಿತ್ತು. ಚಿತ್ರವೊಂದಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ, ಅಂದರೆ ಸೆಕೆಂಡಿಗೆ 15,625 ಗೆರೆ. ಈ ಒಂದೇ ಲೆಕ್ಕವನ್ನು ಪ್ರಸಾರ ಕೇಂದ್ರವೂ ಪಾಲಿಸುತ್ತಿತ್ತು, ಮನೆಯ ಪೆಟ್ಟಿಗೆಯೂ ಪಾಲಿಸುತ್ತಿತ್ತು.

ಕಂಪ್ಯೂಟರಿನಲ್ಲಿ ಇಂಥ ಒಪ್ಪಂದ ಉಳಿಯಲಿಲ್ಲ. 1987ರಲ್ಲಿ ಐ.ಬಿ.ಎಂ. ತಂದ ವಿ.ಜಿ.ಎ. ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 31,500 ಗೆರೆಗಳಿದ್ದವು. ಬಳಿಕ ಗ್ರಾಫಿಕ್ಸ್ ಕಾರ್ಡ್ ತಯಾರಿಸುವವರು ಇನ್ನೂ ಹೆಚ್ಚಿನ ವೇಗಗಳನ್ನು ಸೇರಿಸುತ್ತ ಹೋದರು. ಮಾನಿಟರಿಗೆ ಅದು ತಾಳುತ್ತದೆಯೇ ಎಂದು ಕೇಳುವ ದಾರಿ ಕಂಪ್ಯೂಟರಿಗೆ ಇರಲಿಲ್ಲ.

ಇದರ ಬಿಸಿ ಹೆಚ್ಚು ತಟ್ಟಿದ್ದು ಲಿನಕ್ಸ್ ಬಳಸಹೊರಟವರಿಗೆ. 1996ರಲ್ಲಿ ‘ಪಿ.ಸಿ.ಕ್ವೆಸ್ಟ್’ ಪತ್ರಿಕೆ ತನ್ನ ಸಿ.ಡಿ.ಯಲ್ಲಿ ಲಿನಕ್ಸ್ ಹಂಚಿತು. ಆ ಕೆಲಸದ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಸಿ.ಡಿ. ಮನೆಗೆ ಬಂದಿತು, ಅಕ್ಷರಗಳೂ ಮೂಡಿದವು. ಆದರೆ ಚಿತ್ರಪರದೆ ಬೇಕಿದ್ದರೆ 1992ರಲ್ಲಿ ಶುರುವಾದ ಎಕ್ಸ್‌ಫ್ರೀ86 ಎಂಬ ತಂತ್ರಾಂಶಕ್ಕೆ ಒಂದು ಕಡತ ಬರೆದುಕೊಡಬೇಕಿತ್ತು. ಮಾನಿಟರ್ ಸೆಕೆಂಡಿಗೆ ಎಷ್ಟು ಗೆರೆ ಎಳೆಯಬಲ್ಲದು, ಎಷ್ಟು ಸಲ ಪರದೆ ತುಂಬಬಲ್ಲದು ಎಂಬುದು ಅದರಲ್ಲಿ ಇರಬೇಕು. ತಪ್ಪು ಬರೆದರೆ ಹಳೆಯ ಮಾನಿಟರ್ ಸುಟ್ಟುಹೋಗುವ ಅಪಾಯವಿತ್ತು.

ಬಸವೇಶ್ವರನಗರದ ನಮ್ಮ ಮನೆಗೆ 1999ರಲ್ಲಿ ಬಂದದ್ದು 14 ಇಂಚಿನ, ಒಬ್ಬರ ಕೈದಾಟಿದ ಮಾನಿಟರ್. ಕೈಪಿಡಿ ಇರಲಿಲ್ಲ. ಹಿಂಬದಿಯ ಚೀಟಿಯಲ್ಲಿ ವೋಲ್ಟೇಜ್ ಬಿಟ್ಟರೆ ಬೇರೇನೂ ಇಲ್ಲ. ವಿಜ್ಞಾನದ ವಿದ್ಯಾರ್ಥಿ ಎಂಬ ಜಂಬದಲ್ಲಿ ನಾನು 1024×768 ಅಳತೆ, ಸೆಕೆಂಡಿಗೆ 75 ಬಾರಿ ಎಂದು ಆರಿಸಿದೆ. ಅಂದರೆ ಸೆಕೆಂಡಿಗೆ 60,000 ಗೆರೆ! ಪರದೆ ಓರೆಯಾಗಿ ಹರಿದು, ಒಳಗಿನಿಂದ ಸಣ್ಣ ಶಿಳ್ಳೆಯ ಸದ್ದು ಬಂತು. ಕಂತು ಕಟ್ಟುತ್ತಿದ್ದ ಅಪ್ಪ, “ಮೊದ್ಲು ಸ್ವಿಚ್ ಆರಿಸೋ!” ಎಂದು ಕೂಗಿದರು.

ಮಾನಿಟರ್ ಉಳಿಯಿತು. ವಿಜಯನಗರದ ಗೆಳೆಯನ ಮನೆಯಲ್ಲಿ ಅದೇ ಮಾದರಿಯ ಕೈಪಿಡಿ ಇದೆಯೆಂದು ತಿಳಿದು ಸೈಕಲ್ ತುಳಿದೆ. ಎರಡು ಸಾಲು, ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ: 30ರಿಂದ 50 ಸಾವಿರ ಗೆರೆ, 50ರಿಂದ 90 ಬಾರಿ. ಕಡತದಲ್ಲಿ ಅವನ್ನು ತುಂಬಿ, ಅಳತೆಯನ್ನು 800×600ಕ್ಕೆ ಇಳಿಸಿದೆ. ಚಿತ್ರ ನೇರವಾಗಿ ನಿಂತಿತು.

ವಿಚಿತ್ರವೆಂದರೆ ಪರಿಹಾರ ಆಗಲೇ ಹುಟ್ಟಿತ್ತು. 1994ರಲ್ಲೇ ವೀಸಾ ಎಂಬ ತಯಾರಕರ ಸಂಘ ಮಾನಿಟರಿಗೆ ಮಾತು ಕೊಟ್ಟಿತ್ತು. (ಪಾಸ್‌ಪೋರ್ಟಿನ ವೀಸಾ ಅಲ್ಲ!) ತನ್ನ ಹೆಸರು, ಮಿತಿಗಳನ್ನು ಮಾನಿಟರ್ 128 ಬೈಟ್‌ಗಳಲ್ಲಿ ಕೇಬಲ್ ಮೂಲಕ ತಾನೇ ಹೇಳುತ್ತದೆ. ನಮ್ಮ ಹಳೆಯ ಪೆಟ್ಟಿಗೆಗೆ ಆ ಭಾಗ್ಯ ಇರಲಿಲ್ಲ. 2004ರಲ್ಲಿ ಪರವಾನಗಿಯ ಜಗಳದಿಂದ ಎಕ್ಸ್‌ಫ್ರೀ86 ಹಿಂದೆ ಬಿದ್ದು, ಎಕ್ಸ್.ಆರ್ಗ್ ಅದರ ಜಾಗ ಹಿಡಿಯಿತು. ಆ ದಶಕದ ಕೊನೆಗೆ ಕಡತ ಬರೆಯುವ ಕೆಲಸವೇ ಬಹುಮಟ್ಟಿಗೆ ತಪ್ಪಿತು.

ನಿಮ್ಮಲ್ಲಿ ಇನ್ನೂ ವಿ.ಜಿ.ಎ. ಮಾನಿಟರ್ ಇದ್ದು, ಚಿತ್ರದ ಅಳತೆ ಇದ್ದಕ್ಕಿದ್ದಂತೆ ಕುಗ್ಗಿದರೆ ಮೊದಲು ಕೇಬಲ್ ಕಳಚಿ ನೋಡಿ. ಆ ಮಾತು ಸಾಗುವುದು 12 ಮತ್ತು 15ನೆಯ ಪಿನ್‌ಗಳಲ್ಲಿ. ಅವುಗಳಲ್ಲಿ ಒಂದು ಬಾಗಿದರೂ ಮಾನಿಟರ್ ಮತ್ತೆ ಮೂಕ.