ಆಂಟಿವೈರಸ್‌ಗೆ ಇನ್ನೂ ದುಡ್ಡು ಕೊಡ್ಬೇಕಾ? ಒಂದು ಸಣ್ಣ ಚರಿತ್ರೆ

(1/3)
ಹೊಸ ಲ್ಯಾಪ್‌ಟಾಪ್ ತಗೊಳ್ಳುವಾಗ ಬಿಲ್ಲಿಗೆ ಆಂಟಿವೈರಸ್ಸೂ ಸೇರ್ಕೊಳ್ಳುತ್ತೆ, ಗಮನಿಸಿದ್ದೀರಾ? "ಇರ್ಲಿ ಬಿಡು, ಸೇಫ್ಟಿಗೆ" ಅಂತಾರೆ ಅಪ್ಪ. ಆಮೇಲೆ ವರ್ಷಾ ವರ್ಷಾ ರಿನ್ಯೂವಲ್. ಈ ಅಭ್ಯಾಸ ಎಲ್ಲಿಂದ ಬಂತು ಅನ್ನೋದೇ ಇವತ್ತಿನ ಕತೆ. (ವಿಂಡೋಸ್ ಬಗ್ಗೆ ಮಾತ್ರ ಹೇಳ್ತಿದ್ದೀನಿ.)

1986, ಲಾಹೋರ್. ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಅನ್ನೋ ಅಣ್ಣತಮ್ಮಂದಿರು 'ಬ್ರೇನ್' ಬರೆದ್ರು. ಐಬಿಎಂ ಮಾದರಿಯ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಅಂತ ಇದನ್ನೇ ಎಣಿಸ್ತಾರೆ. ಫ್ಲಾಪಿಯಲ್ಲಿ ಕಂಪ್ಯೂಟರ್ ಮೊಟ್ಟಮೊದಲು ಓದೋ ಜಾಗದಲ್ಲೇ ಅದು ಕೂತಿರ್ತಿತ್ತು. ತಮಾಷೆ ಅಂದ್ರೆ, ಅದರೊಳಗೆ ಅವರ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲಾ ಇತ್ತು! ನಮ್ಮ ಸಾಫ್ಟ್‌ವೇರ್ ಕದಿಯೋರನ್ನ ತಡೆಯೋಕೆ ಮಾಡಿದ್ದು ಅಂತ ಅವರ ಸಮಜಾಯಿಷಿ. ಮರುವರ್ಷವೇ ಅಮೆರಿಕದಲ್ಲಿ ಜಾನ್ ಮ್ಯಾಕಫಿ ಆಂಟಿವೈರಸ್ ಕಂಪನಿ ಶುರು ಮಾಡಿದ.

(2/3)
2001ರ ವಿಂಡೋಸ್ ಎಕ್ಸ್‌ಪಿ ಜೊತೆ ಆಂಟಿವೈರಸ್ ಬರ್ತಿರ್ಲಿಲ್ಲ. ಫೈರ್‌ವಾಲ್ ಇತ್ತು, ಆದ್ರೆ ಆಫ್ ಆಗಿರ್ತಿತ್ತು. 2003ರ ಆಗಸ್ಟ್‌ನಲ್ಲಿ ಬಂದ 'ಬ್ಲಾಸ್ಟರ್'ಗೆ ನೀವು ಏನೂ ಕ್ಲಿಕ್ ಮಾಡೋದೇ ಬೇಕಿರ್ಲಿಲ್ಲ, ನೆಟ್‌ಗೆ ಕನೆಕ್ಟ್ ಆಗಿದ್ರೆ ಸಾಕು. ಫೈರ್‌ವಾಲ್ ತಾನಾಗೇ ಆನ್ ಆಗಿರೋ ಹಾಗೆ ಮಾಡಿದ್ದು 2004ರಲ್ಲಿ. ಪೆನ್‌ಡ್ರೈವ್ ಕಾಟ ಬೇರೆ: ಜೆರಾಕ್ಸ್ ಅಂಗಡಿಗೆ ಹೋಗಿ ಬಂದ್ರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್! ಹಾಗಾಗಿ ಆಗ ಅಂಗಡಿಯವ್ರು ಹೇಳ್ತಿದ್ದದ್ದು ಸುಳ್ಳಲ್ಲ. ಆಂಟಿವೈರಸ್ ಹೊರಗಿಂದ ತರಲೇಬೇಕಿತ್ತು.

ಬದಲಾದದ್ದು ಆಮೇಲೆ. 2009ರಲ್ಲಿ ಮೈಕ್ರೋಸಾಫ್ಟ್ ಉಚಿತ ಆಂಟಿವೈರಸ್ ಕೊಡ್ತು. 2012ರ ವಿಂಡೋಸ್ 8ರಿಂದ 'ಡಿಫೆಂಡರ್' ಒಳಗೇ ಬಂತು. ಬಿಲ್ ಮಾತ್ರ ಬದಲಾಗಲಿಲ್ಲ 😅

(3/3)
ಈಗ ನೀವು ಬೇರೆ ಆಂಟಿವೈರಸ್ ಹಾಕಿದ್ರೆ ಸಾಮಾನ್ಯವಾಗಿ ಡಿಫೆಂಡರ್ ತಾನಾಗೇ ಪಕ್ಕಕ್ಕೆ ಸರಿಯುತ್ತೆ. ಅಂದ್ರೆ ಇಬ್ಬರು ಕಾವಲುಗಾರರು ಸಿಗಲ್ಲ. ಸಂಬಳ ಇಲ್ಲದೆ ಕಾಯ್ತಿದ್ದವನನ್ನ ಕೂರಿಸಿ, ಸಂಬಳದವನನ್ನ ನಿಲ್ಲಿಸಿದ ಹಾಗೆ. ಆ ಸಂಬಳದವನು ನಂಬಿಗಸ್ತನೇ ಆಗಿರ್ತಾನೆ ಅಂತಲೂ ಇಲ್ಲ. ಅವಾಸ್ಟ್ ತನ್ನ ಬಳಕೆದಾರರು ಯಾವ ಸೈಟ್ ನೋಡ್ತಾರೆ ಅನ್ನೋ ಮಾಹಿತಿಯನ್ನ ಜಂಪ್‌ಶಾಟ್ ಅನ್ನೋ ಅಂಗಸಂಸ್ಥೆ ಮೂಲಕ ಮಾರ್ತಿತ್ತು. 2020ರಲ್ಲಿ ವಿಷಯ ಬಯಲಾಗಿ ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಅವಾಸ್ಟ್‌ನಿಂದ 1.65 ಕೋಟಿ ಡಾಲರ್ ಕಟ್ಟಿಸ್ತು.

ಹಾಗಾದ್ರೆ ಅಪಾಯ ಎಲ್ಲಿದೆ? 2017ರ ಮೇ 12ರ 'ವಾನಾಕ್ರೈ' ನೋಡಿ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳ್ತಿತ್ತು. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾದವು. ಅದನ್ನ ತಡೆಯೋ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು, ಎರಡು ತಿಂಗಳು ಮೊದಲು! "ಆಮೇಲೆ ಮಾಡೋಣ" ಅಂತ ನಾವು ತಳ್ಳೋದು ಅದನ್ನೇ.

ನನ್ನ ಪ್ರಕಾರ ಮನೆ ಕಂಪ್ಯೂಟರ್‌ಗೆ ಡಿಫೆಂಡರ್ ಮತ್ತು ಅಪ್‌ಡೇಟ್ ಸಾಕು. ಆದ್ರೆ ಗೇಮ್ ಕ್ರ್ಯಾಕ್ ಹಾಕೋಕೆ "ಮೊದಲು ಡಿಫೆಂಡರ್ ಆಫ್ ಮಾಡಿ" ಅಂತ ಬರೆದಿರ್ತಾರಲ್ಲ, ಅದನ್ನ ಪಾಲಿಸೋರಿಗೆ ಯಾವ ಆಂಟಿವೈರಸ್ಸೂ ಸಾಲದು.

ಇನ್ನೊಂದು: ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಿಮ್ಮನೇಲಿ ಯಾವುದಿದೆ? ನೋಡ್ಕೊಂಡು ಬಂದು ಕಾಮೆಂಟ್ ಹಾಕಿ 👇

#ಕಂಪ್ಯೂಟರ್‌ಕತೆ #ಕನ್ನಡದಲ್ಲಿಟೆಕ್