ಕೆಳ ಡಿವಿಷನ್‌ಗಳ ಕಸುಬು: ಆಶ್ಲೆ ವೆಸ್ಟ್‌ವುಡ್ ಮತ್ತು ಬೆಂಗಳೂರು ಎಫ್‌ಸಿಯ ಮೊದಲ ಮೂರು ಋತುಗಳು

2013ರ ಜುಲೈನಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ 2014ರ ಏಪ್ರಿಲ್‌ನಲ್ಲಿ ಐ-ಲೀಗ್ ಚಾಂಪಿಯನ್ ಆಯಿತು. ಈ ಗೆಲುವಿಗೆ ಎರಡು ಕಾರಣ ಹೇಳುವುದು ರೂಢಿ: ಜೆಎಸ್‌ಡಬ್ಲ್ಯು ಸಮೂಹದ ಹಣ, ಸುನಿಲ್ ಚೆಟ್ರಿಯ ಗೋಲುಗಳು. ಎರಡೂ ಸುಳ್ಳಲ್ಲ. ಆದರೆ ಹಣವಿದ್ದ ಕ್ಲಬ್‌ಗಳು ಬೇರೆಯೂ ಇದ್ದವು, ಚೆಟ್ರಿ ಹಿಂದೆ ಆಡಿದ ತಂಡಗಳೆಲ್ಲ ಪ್ರಶಸ್ತಿ ಗೆದ್ದಿರಲಿಲ್ಲ. ಪ್ರಸ್ತುತ ಲೇಖನ ಮೂರನೆಯ ಕಾರಣವೊಂದನ್ನು ಪರಿಶೀಲಿಸುತ್ತದೆ. ಕೋಚ್ ಆಶ್ಲೆ ವೆಸ್ಟ್‌ವುಡ್ ಇಂಗ್ಲೆಂಡಿನ ಕೆಳ ಡಿವಿಷನ್‌ಗಳಲ್ಲಿ ಆಡುತ್ತ ಮೈಗೂಡಿಸಿಕೊಂಡ ವೃತ್ತಿಶಿಸ್ತನ್ನು ಬೆಂಗಳೂರಿಗೆ ತಂದರು. ಅವರ ಯಶಸ್ಸಿನ ಮೂಲವೂ ಅದೇ, ಮಿತಿಯ ಮೂಲವೂ ಅದೇ ಎಂಬುದು ಇಲ್ಲಿನ ವಾದ.

ಮೊದಲಿಗೇ ಒಂದು ಎಚ್ಚರಿಕೆ. ಇದೇ ಹೆಸರಿನ ಇನ್ನೊಬ್ಬ ಆಟಗಾರರಿದ್ದಾರೆ. 1990ರಲ್ಲಿ ಹುಟ್ಟಿ ಆಸ್ಟನ್ ವಿಲ್ಲಾ, ಬರ್ನ್ಲಿ ತಂಡಗಳಿಗೆ ಆಡಿದ ಮಿಡ್‌ಫೀಲ್ಡರ್ ಅವರು. ಸಾಲದ್ದಕ್ಕೆ ಇಬ್ಬರೂ ಕ್ರೂ ಅಲೆಗ್ಸಾಂಡ್ರಾ ಕ್ಲಬ್‌ನವರು. ದಾಖಲೆ ಹುಡುಕುವವರು ಜನ್ಮವರ್ಷವನ್ನು ನೋಡಿಯೇ ಮುಂದುವರಿಯಬೇಕು. ನಮ್ಮ ವೆಸ್ಟ್‌ವುಡ್ ಹುಟ್ಟಿದ್ದು 1976ರಲ್ಲಿ, ಶ್ರಾಪ್‌ಶೈರ್‌ನ ಬ್ರಿಜ್‌ನಾರ್ತ್ ಪಟ್ಟಣದಲ್ಲಿ. ಸ್ಥಾನ ಸೆಂಟರ್ ಬ್ಯಾಕ್.

ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡ 1995ರಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ ಎಫ್‌ಎ ಯೂತ್ ಕಪ್ ಗೆದ್ದಿತು. ಆ ಬಳಗದಲ್ಲಿ ವೆಸ್ಟ್‌ವುಡ್ ಇದ್ದರು. ಆದರೆ ಬೆಕಮ್, ಸ್ಕೋಲ್ಸ್‌ರಂಥವರು ಹಿರಿಯರ ತಂಡಕ್ಕೆ ಕಾಲಿಡುತ್ತಿದ್ದ ಆ ಹೊತ್ತಿನಲ್ಲಿ ಉಳಿದ ಹುಡುಗರಿಗೆ ಅಲ್ಲಿ ಜಾಗವೆಲ್ಲಿ? ಅದೇ ವರ್ಷ ಅವರು ಕ್ರೂಗೆ ಬಂದರು. ಅವರಿಗಿಂತ ಒಂದು ವರ್ಷ ಮೊದಲೇ ರಾಬಿ ಸ್ಯಾವೇಜ್ ಅದೇ ದಾರಿ ಹಿಡಿದಿದ್ದರು. ಎಳೆಯ ಆಟಗಾರರನ್ನು ತಿದ್ದಿ ದೊಡ್ಡ ಕ್ಲಬ್‌ಗಳಿಗೆ ಮಾರಿ ಬದುಕುವುದು ಅಂದಿನ ಕ್ರೂನ ಆರ್ಥಿಕ ನೀತಿಯೇ ಆಗಿತ್ತು. ನೀಲ್ ಲೆನನ್, ಡ್ಯಾನಿ ಮರ್ಫಿ ಹೀಗೆ ಮೇಲೇರಿದವರು. 1997ರಲ್ಲಿ ಕ್ರೂ ವೆಂಬ್ಲಿಯ ಪ್ಲೇ-ಆಫ್ ಫೈನಲ್‌ನಲ್ಲಿ ಬ್ರೆಂಟ್‌ಫರ್ಡನ್ನು 1-0ರಿಂದ ಸೋಲಿಸಿ ಎರಡನೆಯ ಹಂತಕ್ಕೆ ಬಡ್ತಿ ಪಡೆಯಿತು. 1998ರಲ್ಲಿ ವೆಸ್ಟ್‌ವುಡ್ ಬ್ರ್ಯಾಡ್‌ಫರ್ಡ್ ಸಿಟಿ ಸೇರಿದರು. ಮರುವರ್ಷ ಆ ಕ್ಲಬ್ 77 ವರ್ಷಗಳ ಬಳಿಕ ಅಗ್ರ ಹಂತಕ್ಕೆ ಮರಳಿತು. ಪ್ರೀಮಿಯರ್ ಲೀಗ್‌ನಲ್ಲಿ ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯಗಳು ಮಾತ್ರ.

2000ದಲ್ಲಿ ಅವರು ಸೇರಿದ ಶೆಫೀಲ್ಡ್ ವೆನ್ಸ್‌ಡೇ ಆಗಷ್ಟೇ ಪ್ರೀಮಿಯರ್ ಲೀಗ್‌ನಿಂದ ಜಾರಿತ್ತು, ಸಾಲದಲ್ಲಿ ಮುಳುಗಿತ್ತು. ಇಲ್ಲಿಂದ ಮುಂದಿನದನ್ನು ಅವರೊಬ್ಬರ ಏಳುಬೀಳಿನ ಕಥೆಯಾಗಿ ಓದಿದರೆ ತಪ್ಪಾದೀತು. 2002ರ ವಸಂತದಲ್ಲಿ ಐಟಿವಿ ಡಿಜಿಟಲ್ ಎಂಬ ಟಿವಿ ಕಂಪನಿ ಕುಸಿಯಿತು. ಪಂದ್ಯಗಳ ಪ್ರಸಾರಕ್ಕಾಗಿ ಮೂರು ವರ್ಷಕ್ಕೆ 31.5 ಕೋಟಿ ಪೌಂಡ್ ಕೊಡುವುದಾಗಿ ಅದು ಕೆಳ ಡಿವಿಷನ್‌ಗಳನ್ನು ನಡೆಸುವ ಫುಟ್‌ಬಾಲ್ ಲೀಗ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಬರಲಿರುವ ಹಣವನ್ನು ನಂಬಿ ಸಂಬಳ ಏರಿಸಿದ್ದ ಕ್ಲಬ್‌ಗಳು ಕಂಗೆಟ್ಟವು. ಬ್ರ್ಯಾಡ್‌ಫರ್ಡ್ ಅದೇ ವರ್ಷ ದಿವಾಳಿ ಆಡಳಿತಕ್ಕೆ ಒಳಪಟ್ಟಿತು. ವೆನ್ಸ್‌ಡೇ 2003ರಲ್ಲಿ ಮೂರನೆಯ ಹಂತಕ್ಕೆ ಬಿತ್ತು, ವೆಸ್ಟ್‌ವುಡ್ ಆ ವರ್ಷವೇ ನಾಲ್ಕನೆಯ ಹಂತದ ನಾರ್ಥ್ಯಾಂಪ್ಟನ್‌ಗೆ ಹೋದರು. ಆಮೇಲೆ ಚೆಸ್ಟರ್, ಸ್ವಿಂಡನ್; ಲೀಗ್‌ನ ಹೊರಗೆ ರೆಕ್ಸಮ್, ಕೆಟರಿಂಗ್.

ಕೆಳ ಡಿವಿಷನ್ ಆಟಗಾರನ ದಿನಚರಿ ಹೇಗಿರುತ್ತದೆ ಎಂಬುದು ಇಲ್ಲಿ ಮುಖ್ಯ. 24 ತಂಡಗಳು, 46 ಲೀಗ್ ಪಂದ್ಯಗಳು, ಮೇಲಿಂದ ಕಪ್ ಪಂದ್ಯಗಳು. ಶನಿವಾರ ಆಡಿ ಮಂಗಳವಾರ ರಾತ್ರಿ ಮತ್ತೆ ಕಣಕ್ಕಿಳಿಯಬೇಕು. ತಂಡ ಚಿಕ್ಕದು, ಒಪ್ಪಂದ ಅಲ್ಪಾವಧಿಯದು. ಗಾಯಗೊಂಡವನ ಮುಂದಿನ ವರ್ಷದ ಸಂಬಳಕ್ಕೆ ಖಾತ್ರಿಯಿಲ್ಲ. ಹೀಗಾಗಿ ದೇಹವನ್ನು ಸುಸ್ಥಿತಿಯಲ್ಲಿಟ್ಟುಕೊಳ್ಳುವುದು ಅಲ್ಲಿ ಹೊಟ್ಟೆಪಾಡಿನ ಪ್ರಶ್ನೆ. ಪ್ರತಿಭೆಯಲ್ಲಿ ತಂಡತಂಡಗಳ ನಡುವೆ ದೊಡ್ಡ ಅಂತರವಿಲ್ಲದ್ದರಿಂದ ಕಾರ್ನರ್, ಫ್ರೀ ಕಿಕ್, ಉದ್ದನೆಯ ಥ್ರೋಗಳು ಪಂದ್ಯ ನಿರ್ಧರಿಸುತ್ತವೆ. ಇವನ್ನು ಕಾಯುವುದು, ಇವುಗಳಲ್ಲಿ ತಲೆಕೊಟ್ಟು ಗೋಲು ಹೊಡೆಯುವುದು ಎರಡೂ ಸೆಂಟರ್ ಬ್ಯಾಕ್‌ನ ಹೊಣೆ.

ಬೂಟು ಬಿಚ್ಚಿಟ್ಟ ಮೇಲೆ ಸಿಗುವ ಕೋಚಿಂಗ್ ಕೆಲಸವೂ ಹಳೆಯ ಪರಿಚಯದ ಮೇಲೆಯೇ ನಡೆಯುತ್ತದೆ. ಯುನೈಟೆಡ್‌ನ ಯುವ ವಿಭಾಗದಲ್ಲಿ ಅದೇ ಕಾಲದಲ್ಲಿದ್ದ ಮೈಕಲ್ ಆಪಲ್‌ಟನ್ ಜೊತೆ ವೆಸ್ಟ್‌ವುಡ್ ಪೋರ್ಟ್ಸ್‌ಮತ್, ಬ್ಲ್ಯಾಕ್‌ಪೂಲ್, ಬ್ಲ್ಯಾಕ್‌ಬರ್ನ್ ಕ್ಲಬ್‌ಗಳಲ್ಲಿ ದುಡಿದರು. ಬ್ಲ್ಯಾಕ್‌ಬರ್ನ್‌ನಲ್ಲಿ ಆಪಲ್‌ಟನ್ ಉಳಿದದ್ದು 67 ದಿನ. 2013ರ ಮಾರ್ಚ್‌ನಲ್ಲಿ ಅವರನ್ನು ತೆಗೆದುಹಾಕಲಾಯಿತು. ಕೆಲವೇ ತಿಂಗಳಲ್ಲಿ ವೆಸ್ಟ್‌ವುಡ್ ಬೆಂಗಳೂರಿನಲ್ಲಿದ್ದರು. ಎಲ್ಲಿಯೂ ಮುಖ್ಯ ಕೋಚ್ ಆಗಿ ಹೆಸರು ಮಾಡದವರನ್ನು ನೆಚ್ಚಿದ ಕ್ಲಬ್ಬಿನ ಧೈರ್ಯವನ್ನೂ ಮೆಚ್ಚಬೇಕು.

ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಕೃತಕ ಹಾಸಿನ ಮೇಲೆ 2013ರ ಸೆಪ್ಟೆಂಬರ್ 22ರಂದು ಮೋಹನ್ ಬಗಾನ್ ವಿರುದ್ಧದ ಮೊದಲ ಪಂದ್ಯ 1-1ರಲ್ಲಿ ಮುಗಿಯಿತು. ವೆಸ್ಟ್‌ವುಡ್ ಆರಿಸಿದ ವಿದೇಶಿಯರನ್ನು ಗಮನಿಸಿ. ರಕ್ಷಣೆಯಲ್ಲಿ ನಾರ್ಥ್ಯಾಂಪ್ಟನ್‌ಗೆ ಆಡಿದ್ದ ಜಾನ್ ಜಾನ್ಸನ್, ಲೂಟನ್‌ಗೆ ಆಡಿದ್ದ ಕೀನ್ಯಾದ ಕರ್ಟಿಸ್ ಒಸಾನೊ. ಭಾರತದ ಕ್ಲಬ್‌ಗಳು ಆಫ್ರಿಕಾ, ಬ್ರೆಜಿಲ್‌ಗಳಿಂದ ಗೋಲು ಹೊಡೆಯುವವರನ್ನು ತರುತ್ತಿದ್ದ ಕಾಲದಲ್ಲಿ ಇವರು ತಮ್ಮದೇ ಗರಡಿಯ ಇಬ್ಬರು ಡಿಫೆಂಡರ್‌ಗಳನ್ನು ತಂದು ನಿಲ್ಲಿಸಿದರು. ಬೆಂಗಳೂರಿನವರೇ ಆದ ಶಂಕರ್ ಸಂಪಂಗಿರಾಜ್ ತಂಡದಲ್ಲಿದ್ದರು; ಪ್ರದ್ಯುಮ್ ರೆಡ್ಡಿ ಸಹಾಯಕ ಕೋಚ್. ಊಟ, ನಿದ್ದೆ, ಫಿಟ್‌ನೆಸ್, ಎದುರಾಳಿಯ ವಿಡಿಯೊ ಇವೆಲ್ಲ ಕೋಚ್ ಕಣ್ಣಳತೆಯಲ್ಲೇ ನಡೆಯುವ ಪದ್ಧತಿ ಬಂತು. ಏಪ್ರಿಲ್ 21ರಂದು ಫಟೋರ್ಡಾದಲ್ಲಿ ಡೆಂಪೊವನ್ನು 4-2ರಿಂದ ಸೋಲಿಸಿ ತಂಡ ಪ್ರಶಸ್ತಿ ಖಚಿತಪಡಿಸಿಕೊಂಡಿತು. ಮರುವರ್ಷ ಜನವರಿಯಲ್ಲಿ ಫೆಡರೇಷನ್ ಕಪ್ ಬಂತು, 2016ರಲ್ಲಿ ಎರಡನೆಯ ಐ-ಲೀಗ್.

ಗೆದ್ದ ಪಂದ್ಯಗಳಿಗಿಂತ ಕೈತಪ್ಪಿದ ಒಂದು ಪ್ರಶಸ್ತಿ ಈ ಕೋಚನ್ನು ಚೆನ್ನಾಗಿ ಪರಿಚಯಿಸುತ್ತದೆ. 2015ರ ಮೇ 31, ಕಂಠೀರವ ಕ್ರೀಡಾಂಗಣ, ಲೀಗ್‌ನ ಕೊನೆಯ ಪಂದ್ಯ. ಬಗಾನ್‌ಗೆ ಡ್ರಾ ಸಾಕು, ಬೆಂಗಳೂರಿಗೆ ಗೆಲುವೇ ಬೇಕು. ವಿರಾಮಕ್ಕೆ ಮೊದಲು ಜಾನ್ಸನ್ ಗೋಲು ಹೊಡೆದರು. ಆ 1-0 ಅನ್ನು ಕಾಯುತ್ತ ಆಟ 87ನೆಯ ನಿಮಿಷಕ್ಕೆ ಬಂತು. ಆಗ ಸೋನಿ ನಾರ್ಡೆ ತೆಗೆದ ಕಾರ್ನರ್‌ಗೆ ಬೆಲ್ಲೊ ರಜಾಕ್ ತಲೆಕೊಟ್ಟರು. 1-1. ಬಗಾನ್ 39 ಅಂಕ, ಬೆಂಗಳೂರು 37. ಕಾರ್ನರ್ ಕಾಯುವುದನ್ನೇ ಜೀವನೋಪಾಯ ಮಾಡಿಕೊಂಡಿದ್ದ ಮನುಷ್ಯನಿಗೆ ಇದಕ್ಕಿಂತ ಕಹಿಯಾದ ಸೋಲು ಇರಲಾರದು. ಒಂದು ಗೋಲಿನ ಮುನ್ನಡೆಯನ್ನು ಕಾಪಾಡುವ ತಂತ್ರಕ್ಕೆ ಇರುವ ಅಪಾಯವೂ ಇಲ್ಲಿ ಬಯಲಾಯಿತು.

2016ರ ಮೇ ತಿಂಗಳಲ್ಲಿ ಹಾಂಕಾಂಗ್‌ನ ಕಿಚೀ ತಂಡವನ್ನು 3-2ರಿಂದ ಸೋಲಿಸಿ ಎಎಫ್‌ಸಿ ಕಪ್ ಕ್ವಾರ್ಟರ್ ಫೈನಲ್ ತಲುಪಿಸಿದ ಮೇಲೆ ವೆಸ್ಟ್‌ವುಡ್ ನಿರ್ಗಮಿಸಿದರು. ತಂಡವನ್ನು ಫೈನಲ್‌ಗೆ ಒಯ್ದ ಕೀರ್ತಿ ಸ್ಪೇನ್‌ನ ಆಲ್ಬರ್ಟ್ ರೋಕಾ ಪಾಲಿಗೆ ಹೋಯಿತು. ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು ಆಡುವ ರೋಕಾ ಶೈಲಿ ನೋಡಲು ಹೆಚ್ಚು ಚೆಂದ, ನಿಜ. ಆದರೆ ಆ ಆಟಕ್ಕೆ ಬೇಕಾದ ಕಾಲಬಲವನ್ನು ಹುರಿಗೊಳಿಸಿದ್ದು ಹಿಂದಿನ ಮೂರು ಋತುಗಳು ಎಂಬುದನ್ನು ಮರೆಯಲಾಗದು.

ಆನಂತರದ ದಾಖಲೆ ಮಿಶ್ರವಾಗಿದೆ. ಮಲೇಷ್ಯಾದ ಪೆನಾಂಗ್‌ನಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. 2018ರಲ್ಲಿ ಕೋಚ್ ಟೆಡ್ಡಿ ಶೆರಿಂಗ್‌ಹ್ಯಾಮ್ ನಿರ್ಗಮನದ ಬಳಿಕ ಕೋಲ್ಕತ್ತದ ಎಟಿಕೆ ತಂಡವನ್ನು ಋತುವಿನ ನಡುವೆ ವಹಿಸಿಕೊಂಡರೂ ಅದನ್ನು ಮೇಲೆತ್ತಲು ಆಗಲಿಲ್ಲ. ದಿನನಿತ್ಯದ ಅಭ್ಯಾಸದಿಂದ ತಂಡ ಕಟ್ಟುವ ವಿಧಾನಕ್ಕೆ ಕಾಲಾವಕಾಶ ಬೇಕು. ಕೆಟ್ಟುಹೋದ ಬಂಡಿಯನ್ನು ದಾರಿ ನಡುವೆ ಸರಿಮಾಡಲು ಅದು ಒದಗುವುದಿಲ್ಲ. ಆದರೆ ಅಭ್ಯಾಸಕ್ಕೆ ಕಡಿಮೆ ಕಾಲ ಸಿಗುವ ರಾಷ್ಟ್ರೀಯ ತಂಡಗಳೊಂದಿಗೆ ಅವರು ಕಂಡ ಗೆಲುವು ಈ ತೀರ್ಮಾನಕ್ಕೆ ಒಂದು ತೊಡಕು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ, ಚೆಟ್ರಿಯ 150ನೆಯ ಅಂತರರಾಷ್ಟ್ರೀಯ ಪಂದ್ಯದಲ್ಲಿ, ವೆಸ್ಟ್‌ವುಡ್ ತರಬೇತಿಯ ಅಫ್ಗಾನಿಸ್ತಾನ ಭಾರತವನ್ನು 2-1ರಿಂದ ಸೋಲಿಸಿತು. ಅಫ್ಗಾನಿಸ್ತಾನದ ಹಲವು ಪ್ರಮುಖ ಆಟಗಾರರು ತಂಡವನ್ನು ಬಹಿಷ್ಕರಿಸಿದ್ದರು ಎಂಬುದು ಆ ಗೆಲುವಿನ ತೂಕ ಹೆಚ್ಚಿಸುತ್ತದೆ. 2025ರ ಜೂನ್ 10ರಂದು ಅವರ ಹಾಂಕಾಂಗ್ ಕೂಡ ಭಾರತವನ್ನು 1-0ರಿಂದ ಮಣಿಸಿತು. ಅದೂ ಹೆಚ್ಚುವರಿ ನಿಮಿಷಗಳ ಪೆನಾಲ್ಟಿಯಿಂದ. ಭಾರತದ ಆಟಗಾರರ ಬಲಾಬಲ ಅವರಿಗೆ ಕರತಲಾಮಲಕವಾಗಿತ್ತೆಂಬುದು ಒಂದು ಸಮಾಧಾನ. ಪೂರ್ಣ ಉತ್ತರವಂತೂ ಅಲ್ಲ.

ಫಲಿತಾಂಶಗಳು ಪತ್ರಿಕೆಗಳಲ್ಲಿ ಸಿಗುತ್ತವೆ, ಅಭ್ಯಾಸದ ಮೈದಾನದಲ್ಲಿ ನಡೆದದ್ದು ಸಿಗುವುದಿಲ್ಲ. ಈ ವಾದವನ್ನು ಗಟ್ಟಿಮಾಡುವ ಅಥವಾ ಕೆಡಹುವ ಸಾಕ್ಷ್ಯ ಅಂದಿನ ಆಟಗಾರರ, ಸಹಾಯಕ ಕೋಚ್‌ಗಳ, ಫಿಸಿಯೊಗಳ ನೆನಪಿನಲ್ಲಿದೆ. ಅವರಲ್ಲಿ ಹಲವರು ಇನ್ನೂ ಆಟದ ವಲಯದಲ್ಲೇ ಇದ್ದಾರೆ. ಅವರ ಮಾತುಗಳನ್ನು ಧ್ವನಿಮುದ್ರಿಸಿ ಸಂಗ್ರಹಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ಮತ್ತು ದೈಹಿಕ ಶಿಕ್ಷಣ ವಿಭಾಗಗಳು ಕೈಗೆತ್ತಿಕೊಳ್ಳಬೇಕು.